ಬಿದ್ದ ಮರ ಯಾವುದು? ಎಲೆಯ ಬುಡ ನೋಡಿ

ಏಪ್ರಿಲ್, ಮೇ ತಿಂಗಳ ಮೊದಲ ಗಾಳಿಮಳೆಗೆ ಬೆಂಗಳೂರಿನಲ್ಲಿ ಮರಗಳು ಉರುಳುವುದು ಪ್ರತಿ ವರ್ಷದ ಸುದ್ದಿ. ಕಾರು ಜಖಂ ಆದದ್ದು, ವಿದ್ಯುತ್ ಕಂಬ ವಾಲಿದ್ದು, ಸಂಚಾರ ನಿಂತದ್ದು ಎಲ್ಲವೂ ಮರುದಿನದ ಪತ್ರಿಕೆಯಲ್ಲಿ ಇರುತ್ತವೆ. ಬಿದ್ದದ್ದು ಯಾವ ಮರ ಎಂಬುದು ಮಾತ್ರ ಅಪರೂಪಕ್ಕೆ ಬರುತ್ತದೆ. 'ಬೃಹತ್ ಮರ' ಎಂದರೆ ಮುಗಿಯಿತು. ಹೆಸರು ಹೇಳಿದರೂ ಅದು ಬಹಳ ಸಲ ಗುಲ್‌ಮೊಹರ್, ಅದರಲ್ಲೂ ಎಷ್ಟೋ ಸಲ ತಪ್ಪು. ಯಾವ ಜಾತಿಯ ಮರ, ಎಂಥ ಜಾಗದಲ್ಲಿ, ಬೇರು ಹೇಗಿದ್ದಾಗ ಬಿತ್ತು ಎಂಬುದು ತಿಳಿಯದಿದ್ದರೆ ಅದೇ ಗುಂಡಿಯಲ್ಲಿ ಮುಂದೆ ಏನು ನೆಡಬೇಕೆಂಬುದೂ ತಿಳಿಯುವುದಿಲ್ಲ. ಆದ್ದರಿಂದ ಬಿದ್ದ ಮರದ ಹೆಸರು ಕೇಳುವುದು ಸಸ್ಯಶಾಸ್ತ್ರದವರ ಹವ್ಯಾಸವಷ್ಟೇ ಅಲ್ಲ, ಊರಿಗೆ ಬೇಕಾದ ಮಾಹಿತಿ ಎಂದೇ ನಾನು ತಿಳಿದಿದ್ದೇನೆ.

ಪಾಲಿಕೆಯ ಸಿಬ್ಬಂದಿ ಗರಗಸ ಹಿಡಿದು ಬರುವ ಮುಂಚಿನ ಒಂದೆರಡು ಗಂಟೆ ಬಹಳ ಮುಖ್ಯ. ಅಲ್ಲಿಯವರೆಗೆ ಐವತ್ತು ಅರವತ್ತು ಅಡಿ ಎತ್ತರದಲ್ಲಿ, ದುರ್ಬೀನಿಗೂ ಸರಿಯಾಗಿ ಸಿಗದೆ ಇದ್ದ ತುದಿಕೊಂಬೆಗಳು ಈಗ ಕೈಯಳತೆಯಲ್ಲಿರುತ್ತವೆ. ಹೂವಿನ ಕಾಲ ಮುಗಿದಿರಬಹುದು, ಇದ್ದ ಹೂವನ್ನು ಗಾಳಿ ಉದುರಿಸಿರಬಹುದು. ಎಲೆಗಳಂತೂ ಸಾವಿರಗಟ್ಟಲೆ ಇವೆ.

ಎಲೆ ನೋಡಿ ಮರ ಗುರುತಿಸುವ ಕ್ರಮವನ್ನು ಸಸ್ಯಶಾಸ್ತ್ರ ಬಹುಕಾಲ ಎರಡನೆಯ ದರ್ಜೆಯದಾಗಿ ಕಂಡಿತ್ತು. ಲಿನೇಯಸ್ 1735ರ ತನ್ನ 'ಸಿಸ್ಟಮಾ ನೇಚುರೇ'ಯಲ್ಲಿ ಸಸ್ಯಗಳನ್ನು ಹೂವಿನ ಕೇಸರ, ಶಲಾಕೆಗಳ ಲೆಕ್ಕದಲ್ಲಿ ವಿಂಗಡಿಸಿದ. ದಕ್ಷಿಣ ಭಾರತದ ಸಸ್ಯಗಳ ಬಗ್ಗೆ ಗ್ಯಾಂಬಲ್ ಆರಂಭಿಸಿ ಫಿಷರ್ ಮುಗಿಸಿದ, 1915ರಿಂದ 1936ರವರೆಗೆ ಕಂತು ಕಂತಾಗಿ ಬಂದ ಮದ್ರಾಸ್ ಪ್ರೆಸಿಡೆನ್ಸಿಯ ಗ್ರಂಥವೂ ಹೂವು, ಕಾಯಿಯನ್ನೇ ಹೆಚ್ಚು ಕೇಳುತ್ತದೆ. ಇದಕ್ಕೆ ಕಾರಣವಿದೆ. ಎಲೆಯ ಆಕಾರ ಬಿಸಿಲು, ನೀರು, ಗಾಳಿಗೆ ತಕ್ಕಂತೆ ಸುಲಭವಾಗಿ ಬದಲಾಗುತ್ತದೆ. ಯಾವ ಸಂಬಂಧವೂ ಇಲ್ಲದ ಎರಡು ಮರಗಳಿಗೆ ಒಂದೇ ತರಹದ ಎಲೆ ಬರಬಹುದು, ಒಂದೇ ಮರದಲ್ಲಿ ಎರಡು ತರಹದ ಎಲೆ ಇರಬಹುದು. ಆದರೆ ಎಲೆ ರೆಂಬೆಗೆ ಕೂಡಿಕೊಳ್ಳುವ ರೀತಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಅದು ಮನೆತನದ ಗುರುತು. ಹಾಗಾಗಿ ಅಗಲವಾದ ಹಸಿರು ಹಾಳೆಯನ್ನು ನೋಡುವ ಮೊದಲು ತೊಟ್ಟಿನ ಬುಡ ನೋಡಬೇಕು.

ಗುಲ್‌ಮೊಹರ್ ಗೊಂದಲವನ್ನೇ ತೆಗೆದುಕೊಳ್ಳೋಣ. ನಮ್ಮ ಬೀದಿಗಳಲ್ಲಿ ಪುಡಿಪುಡಿ ಎಲೆಯ ದೊಡ್ಡ ಮರಗಳು ಮುಖ್ಯವಾಗಿ ನಾಲ್ಕು. ಮಡಗಾಸ್ಕರ್ ಮೂಲದ ಗುಲ್‌ಮೊಹರ್, ಆಗ್ನೇಯ ಏಷ್ಯಾದಿಂದ ಬಂದ ಹಳದಿ ಹೂವಿನ ಕಾಪರ್‌ಪಾಡ್, ದಕ್ಷಿಣ ಅಮೆರಿಕದ ನೀಲಿ ಹೂವಿನ ಜಕರಂಡ, ಅಮೆರಿಕದ ಉಷ್ಣವಲಯದ್ದೇ ಆದ ಮಳೆಮರ. ಹೂವಿದ್ದಾಗ ಮಕ್ಕಳೂ ಹೇಳಬಲ್ಲರು. ಹೂವಿಲ್ಲದೆ ರಸ್ತೆಗೆ ಅಡ್ಡ ಬಿದ್ದಾಗ ನಾಲ್ಕೂ 'ಗುಲ್‌ಮೊಹರ್' ಆಗಿಬಿಡುತ್ತವೆ. ನಾಲ್ಕರಲ್ಲೂ ಎಲೆ ಎರಡು ಸಲ ಕವಲೊಡೆದದ್ದು: ತೊಟ್ಟಿನಿಂದ ಮುಂದುವರಿದ ಒಂದು ನಡುಕಡ್ಡಿ, ಅದರಿಂದ ಪಕ್ಕಕ್ಕೆ ಹೊರಟ ಕಡ್ಡಿಗಳು, ಆ ಕಡ್ಡಿಗಳ ಮೇಲೆ ಕಿರುಎಲೆಗಳು. ಈ ಇಡೀ ರಚನೆ ಒಂದು ಎಲೆ.

ಮೊದಲು ರೆಂಬೆ ಹಿಡಿದು ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಹೊರಟಿವೆಯೇ, ಒಂದಾದ ಮೇಲೊಂದು ಪರ್ಯಾಯವಾಗಿ ಹೊರಟಿವೆಯೇ ನೋಡಿ. ಜೋಡಿಯಾಗಿದ್ದರೆ ಅದು ಜಕರಂಡ. ಉಳಿದ ಮೂರು ದ್ವಿದಳ ಕಾಯಿಯ ಬಳಗದವು, ಜಕರಂಡ ಆ ಬಳಗದ್ದಲ್ಲ. ಟಬೆಬುಯಾ, ನೀರುಕಾಯಿ ಮರಗಳ ನಂಟಿನದು. ಅದರ ಕಿರುಎಲೆಗಳ ತುದಿಯೂ ಚೂಪು, ಕಡ್ಡಿಯ ಕೊನೆಯಲ್ಲಿ ಒಂಟಿಯಾಗಿ ನಿಂತ ಕಿರುಎಲೆ ಇತರವುಗಳಿಗಿಂತ ದೊಡ್ಡದು. ಪರ್ಯಾಯವಾಗಿದ್ದರೆ ತೊಟ್ಟಿನ ಬುಡಕ್ಕೆ ಬನ್ನಿ. ಗುಲ್‌ಮೊಹರ್‌ನಲ್ಲಿ ಅಲ್ಲಿ ಪುಟ್ಟ ಪುಕ್ಕದಂತೆ ಕವಲೊಡೆದ ಒಂದು ಜೊತೆ ಹಸಿರು ಅಂಗಗಳಿರುತ್ತವೆ. ಇವಕ್ಕೆ ಸ್ಟಿಪ್ಯೂಲ್ ಎಂದು ಹೆಸರು, ಎಳೆಯ ಮೊಗ್ಗನ್ನು ಕಾಪಾಡುವುದು ಇವುಗಳ ಕೆಲಸ. ಕಾಪರ್‌ಪಾಡ್‌ನ ಚಿಗುರಿನ ತುದಿಯ ಮೇಲೆ ತುಕ್ಕಿನ ಬಣ್ಣದ ನವಿರು ಕೂದಲು ಇರುತ್ತದೆ, ಕಿರುಎಲೆಗಳೂ ಗುಲ್‌ಮೊಹರ್‌ಗಿಂತ ದೊಡ್ಡವು. ಮಳೆಮರದಲ್ಲಿ ಪಕ್ಕದ ಕಡ್ಡಿಗಳು ಕೆಲವೇ ಜೋಡಿ, ಕಿರುಎಲೆಗಳು ಓರೆಕೋರೆಯಾದ ಚೌಕಾಕಾರ, ತುದಿಗೆ ಹೋದಂತೆ ದೊಡ್ಡದಾಗುತ್ತವೆ. ಕಡ್ಡಿಗಳು ಕೂಡುವ ಜಾಗದಲ್ಲಿ ನಡುಕಡ್ಡಿಯ ಮೇಲೆ ಸಣ್ಣ ಗ್ರಂಥಿಗಳು ಕೈಗೆ ತಾಗುತ್ತವೆ.

ಮಳೆಮರದ ಕಿರುಎಲೆಗಳು ಸಂಜೆಗೆ, ಮೋಡ ಕವಿದಾಗ ಮಡಚಿಕೊಳ್ಳುವುದು ನಮ್ಮ ಹಳ್ಳಿಯವರಿಗೂ ಗೊತ್ತು. ಎಲೆಯ ಬುಡದಲ್ಲಿ, ಕಿರುಎಲೆಯ ಬುಡದಲ್ಲಿ ತುಸು ಉಬ್ಬಿದ ಗಂಟು ಇದೆಯಲ್ಲ, ಈ ಚಲನೆ ನಡೆಯುವುದು ಅಲ್ಲಿ. ಆ ಗಂಟಿನ ಒಂದು ಪಕ್ಕದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಹಿಂದೆಯೇ ನೀರೂ ಹೋಗುತ್ತದೆ, ಆ ಪಕ್ಕ ಸೊರಗುತ್ತದೆ, ಇನ್ನೊಂದು ಪಕ್ಕ ಉಬ್ಬುತ್ತದೆ, ಕಿರುಎಲೆ ಬಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ರೂತ್ ಸ್ಯಾಟರ್ ಸಸ್ಯಗಳ ದೈನಿಕ ಲಯವನ್ನು ಅರಿಯಲು ಬಳಸಿದ ಮರಗಳಲ್ಲಿ ಮಳೆಮರವೂ ಒಂದು. ಬಿದ್ದ ಮರದ ಮಟ್ಟಿಗೆ ನಮಗೆ ಬೇಕಾದದ್ದು ಇಷ್ಟು: ತೊಟ್ಟಿನ ಬುಡದಲ್ಲಿ ಆ ಉಬ್ಬುಗಂಟು ಎದ್ದು ಕಂಡರೆ ಮೊದಲ ಅನುಮಾನ ದ್ವಿದಳ ಕಾಯಿಯ ಬಳಗದ ಕಡೆಗೆ ಹೋಗಬೇಕು. ಹೊಂಗೆಯಲ್ಲೂ ಅದು ಸ್ಪಷ್ಟ. ಹೊಂಗೆಗೆ ಇನ್ನೂ ಒಂದು ಸುಳಿವು ಇದೆ. ಅದರ ಎಲೆಗಳ ಮೇಲೆ ನುಸಿಗಳು ಎಬ್ಬಿಸಿದ ಗಂಟುಗಳು ಎಷ್ಟು ಸಾಮಾನ್ಯವೆಂದರೆ, ಹೊಳೆಯುವ ಐದೋ ಏಳೋ ಕಿರುಎಲೆಗಳ ಮೇಲೆ ಬೆರಳಿನಂಥ ಗುಳ್ಳೆಗಳೆದ್ದಿದ್ದರೆ ಹೊಂಗೆಯೆಂದು ಹೇಳಲು ಹೆಚ್ಚು ಯೋಚಿಸಬೇಕಿಲ್ಲ.

ಎಲೆ ಯಾವುದು, ಕಿರುಎಲೆ ಯಾವುದು ಎಂಬುದನ್ನು ಬಗೆಹರಿಸದೆ ಮುಂದೆ ಹೋದರೆ ಎಲ್ಲವೂ ತಪ್ಪುತ್ತದೆ. ಇದಕ್ಕೆ ಬಹುಮಟ್ಟಿಗೆ ಕೈಕೊಡದ ಪರೀಕ್ಷೆಯೊಂದಿದೆ. ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ; ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಬೂರುಗ ಮತ್ತು ಮದ್ದಾಲೆ ಎರಡೂ ಒಂದೇ ಜಾಗದಿಂದ ಐದಾರು, ಏಳೆಂಟು ಎಲೆಗಳನ್ನು ಬಿಚ್ಚಿದಂತೆ ಕಾಣುತ್ತವೆ. ಬೂರುಗದಲ್ಲಿ ಅವು ಒಂದು ಉದ್ದ ತೊಟ್ಟಿನ ತುದಿಯಲ್ಲಿ ಸೇರಿವೆ, ಅಲ್ಲಿ ಮೊಗ್ಗಿಲ್ಲ, ಮೊಗ್ಗು ಇರುವುದು ಆ ತೊಟ್ಟಿನ ಬುಡದಲ್ಲಿ. ಅಂದರೆ ಒಟ್ಟು ಸೇರಿ ಒಂದೇ ಎಲೆ. ಮದ್ದಾಲೆಯಲ್ಲಿ ರೆಂಬೆಯೇ ನಡುವಿನಿಂದ ಮುಂದಕ್ಕೆ ಬೆಳೆಯುತ್ತದೆ, ಸುತ್ತಲಿನ ಪ್ರತಿಯೊಂದೂ ಬೇರೆಯೇ ಎಲೆ. ಮುರಿದರೆ ಹಾಲು ಬರುತ್ತದೆ, ಬೂರುಗದಲ್ಲಿ ಬರುವುದಿಲ್ಲ.

ಹಾಲು ಬಂದರೆ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ. ಹಾಲಿನ ಜೊತೆಗೆ ರೆಂಬೆಯ ಪ್ರತಿ ಗೆಣ್ಣಿನಲ್ಲೂ ಬಳೆ ತೊಡಿಸಿದಂತೆ ಸುತ್ತುಗೆರೆ ಕಂಡರೆ ಅದು ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಹಲಸುಗಳ ಬಳಗ. ತುದಿಮೊಗ್ಗನ್ನು ಮುಚ್ಚಿದ್ದ ಸ್ಟಿಪ್ಯೂಲ್ ಕಳಚಿ ಬಿದ್ದ ಕಲೆ ಅದು. ಸಂಪಿಗೆಯಲ್ಲೂ ಇದೇ ಸುತ್ತುಗೆರೆ ಇದೆ, ಹಾಲು ಇಲ್ಲ. ಕದಂಬದಲ್ಲಿ ಎಲೆಗಳು ಜೋಡಿಯಾಗಿರುತ್ತವೆ, ಎರಡು ತೊಟ್ಟುಗಳ ನಡುವೆ ರೆಂಬೆಯ ಮೇಲೆ ಸ್ಟಿಪ್ಯೂಲ್ ಇರುತ್ತದೆ. ಕಾಫಿ ಗಿಡದ ರೆಂಬೆಯಲ್ಲೂ ಅದೇ ಜೋಡಣೆ, ಎರಡೂ ಒಂದೇ ಕುಟುಂಬದವು. ನೇರಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಸೂಕ್ಷ್ಮ ಚುಕ್ಕಿಗಳು, ಅಂಚಿಗೆ ಸಮಾನಾಂತರವಾಗಿ ಓಡುವ ನರ ಕಾಣುತ್ತವೆ. ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪಾಗುತ್ತದೆ. ಮತ್ತಿಯ ಎಲೆಯನ್ನು ಹಿಂದೆ ತಿರುಗಿಸಿದರೆ ತೊಟ್ಟಿನ ಹತ್ತಿರ ಗ್ರಂಥಿಗಳು ಸಿಗುತ್ತವೆ. ಮಾವಿನ ಎಲೆಯನ್ನು ಹಿಸುಕಿದರೆ ಸೊನೆಯ ವಾಸನೆ, ಅದಕ್ಕೆ ಪುಸ್ತಕವೇ ಬೇಡ. ಬೇವಿಗೂ ಹೆಬ್ಬೇವಿಗೂ ಇರುವ ವ್ಯತ್ಯಾಸವನ್ನು ಕವಲಿನಲ್ಲಿ ನೋಡಬೇಕು: ಬೇವಿನ ಎಲೆ ಒಂದೇ ಸಲ ಕವಲೊಡೆದದ್ದು, ಹೆಬ್ಬೇವಿನದು ಎರಡು ಮೂರು ಸಲ.

ಈ ತಿಳಿವಳಿಕೆಯನ್ನು ನಮ್ಮ ಕಾಡಿಗೆ ಅತ್ಯಂತ ಶ್ರದ್ಧೆಯಿಂದ ಅನ್ವಯಿಸಿದ ಕೆಲಸ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ನಡೆಯಿತು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಮರದ ಹೂವು ನೂರು ಅಡಿ ಮೇಲೆ ಅರಳಿ ಅಲ್ಲೇ ಮುಗಿದುಹೋಗುತ್ತದೆ. ಕೆಳಗೆ ನಿಂತವನಿಗೆ ಎಲೆ, ತೊಗಟೆ, ಸೊನೆ ಇಷ್ಟೇ ದಕ್ಕುವುದು. ಪಾಸ್ಕಲ್ ಮತ್ತು ಬಿ. ಆರ್. ರಮೇಶ್ 1987ರಲ್ಲಿ ಪ್ರಕಟಿಸಿದ ಕೈಪಿಡಿ ಈ ಕಾಡುಗಳ ಮರ ಮತ್ತು ದೊಡ್ಡ ಬಳ್ಳಿಗಳನ್ನು ಹೂವಿಲ್ಲದೆಯೇ ಗುರುತಿಸುವ ದಾರಿ ತೋರಿಸಿತು. ಎಲೆ ಜೋಡಿಯೋ ಪರ್ಯಾಯವೋ, ಸ್ಟಿಪ್ಯೂಲ್ ಉಂಟೋ ಇಲ್ಲವೋ, ಹಾಲು ಬರುತ್ತದೋ ಇಲ್ಲವೋ ಎಂದು ಕೇಳುತ್ತಾ ಹೋಗುವ ಅಂಥ ಪುಸ್ತಕ ಹಿಡಿದರೆ ಕಾಡು ಬೇರೆಯೇ ಆಗಿ ಕಾಣುತ್ತದೆ.

ಎಲೆಯ ಅಂಚಿನ ಬಗ್ಗೆ ಒಂದು ಮಾತು. 1915ರಲ್ಲಿ ಬೈಲಿ ಮತ್ತು ಸಿನಟ್ ಎಂಬ ಅಮೆರಿಕದ ವಿಜ್ಞಾನಿಗಳು ಗಮನ ಸೆಳೆದ ಸಂಗತಿಯಿದು: ತಂಪು ನಾಡಿನ ಮರಗಳಲ್ಲಿ ಗರಗಸದಂಚಿನ ಎಲೆಯ ಜಾತಿಗಳು ಹೆಚ್ಚು, ಬೆಚ್ಚಗಿನ ತೇವದ ನಾಡಿನಲ್ಲಿ ನುಣುಪಂಚಿನವು ಹೆಚ್ಚು. ಪಳೆಯುಳಿಕೆ ಎಲೆಗಳಿಂದ ಹಳೆಯ ಕಾಲದ ಉಷ್ಣಾಂಶ ಅಂದಾಜಿಸಲು ಇದನ್ನು ಇಂದಿಗೂ ಬಳಸುತ್ತಾರೆ. ಯುರೋಪಿನಲ್ಲಿ ಹಲ್ಲಂಚು ಕಂಡರೆ ಹತ್ತಾರು ಮರಗಳ ನಡುವೆ ಆಯ್ಕೆ ಮಾಡಬೇಕು. ನಮ್ಮಲ್ಲಿ ಬೇವು, ತಡಸಲು, ಎಲಚಿಯಂಥ ಕೆಲವಕ್ಕಷ್ಟೇ ಆ ಲಕ್ಷಣ ಇರುವುದರಿಂದ ಅದೇ ಸುಳಿವು ನಮಗೆ ಹೆಚ್ಚು ಬೆಲೆಯದು.

ಕಣ್ಣು ಪೂರ್ತಿ ಮೋಸಹೋಗುವ ಎರಡು ಮರಗಳು ಕರಾವಳಿ, ಮಲೆನಾಡಿನವರ ಮನೆಬಾಗಿಲಲ್ಲೇ ಇವೆ. ಗಾಳಿಮರದ ಸೂಜಿಗಳು ಎಲೆಗಳಲ್ಲ, ಹಸಿರು ರೆಂಬೆಗಳು. ಒಂದನ್ನು ಎಳೆದರೆ ಗೆಣ್ಣಿನಲ್ಲಿ ಕಳಚುತ್ತದೆ. ಆ ಗೆಣ್ಣಿನ ಸುತ್ತ ಹಲ್ಲುಗಳಂತೆ ಕಾಣುವ ಚೂರುಗಳೇ ಎಲೆ. ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾದ ಬಾಗಿದ ನೀಳ 'ಎಲೆ' ನಿಜಕ್ಕೂ ಚಪ್ಪಟೆಯಾದ ತೊಟ್ಟು. ಬಿದ್ದ ಅಕೇಶಿಯಾದ ಅಡಿಯಲ್ಲಿ ಬೀಜದಿಂದ ಎದ್ದ ಸಸಿಗಳಿದ್ದರೆ ಬಗ್ಗಿ ನೋಡಿ. ಮೊದಲು ಪುಡಿಪುಡಿ ಕಿರುಎಲೆಗಳು ಬಂದು, ಆಮೇಲಿನ ಎಲೆಗಳಲ್ಲಿ ತೊಟ್ಟು ಅಗಲವಾಗುತ್ತಾ ಕಿರುಎಲೆಗಳು ಮಾಯವಾಗುವ ಹಂತಗಳೆಲ್ಲ ಒಂದೇ ಸಸಿಯಲ್ಲಿ ಸಿಗುತ್ತವೆ.

ಬಿದ್ದ ಮರದಲ್ಲಿ ಕಾಣುವ ಎಲೆಯೆಲ್ಲ ಆ ಮರದ್ದೇ ಎಂದು ತಿಳಿಯಬಾರದು. ಮಾವಿನ ಮೇಲೆ ಬಂದಳಿಕೆ ಇರುತ್ತದೆ, ಕೊಂಬೆಯ ಪೊಟರೆಯಲ್ಲಿ ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಬೀಜದಿಂದ ಅರಳಿ ಎದ್ದಿರುತ್ತದೆ, ಬಳ್ಳಿ ಹಬ್ಬಿರುತ್ತದೆ, ಪಕ್ಕದ ಮರದ ತರಗು ಬಿದ್ದಿರುತ್ತದೆ. ಎಲೆಯಿಂದ ರೆಂಬೆಗೆ, ರೆಂಬೆಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ಕೈಯಾಡಿಸಿಕೊಂಡು ಹೋಗಿ ನಂಟು ಖಚಿತ ಮಾಡಿಕೊಳ್ಳಬೇಕು. ಮೊಬೈಲಿನಲ್ಲಿ ಪ್ಲಾಂಟ್‌ನೆಟ್‌ನಂಥ ಆ್ಯಪ್ ಬಳಸುವವರು ನೆಲದಿಂದ ಒಂದು ಕಿರುಎಲೆ ಹೆಕ್ಕಿ ಚಿತ್ರ ತೆಗೆದರೆ ಉತ್ತರವೂ ಅಷ್ಟೇ ಅರೆಬರೆ. ಒಂದಡಿ ರೆಂಬೆ, ಎಲೆಯ ಎರಡೂ ಬದಿ, ತೊಟ್ಟಿನ ಬುಡ, ಇಷ್ಟು ಚಿತ್ರಗಳಿದ್ದರೆ ಯಂತ್ರಕ್ಕೂ ತಜ್ಞರಿಗೂ ಅನುಕೂಲ. ಅದೇ ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು, ಜಾಗ ಮತ್ತು ತಾರೀಖು ಬರೆದರೆ ಅದು ವರ್ಷಗಟ್ಟಲೆ ಉಳಿಯುವ ದಾಖಲೆ.

ಒಣಗಿದ ಎಲೆಗಳೂ ಮಾತಾಡುತ್ತವೆ. ಎಲೆ ಉದುರುವುದು ಜೀವಂತ ಕ್ರಿಯೆ. ಎಲೆ ಮುಪ್ಪಾದಾಗ ಅದು ತಯಾರಿಸುವ ಆಕ್ಸಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ, ತೊಟ್ಟಿನ ಬುಡದ ಕೋಶಗಳು ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿಗೆ ಓಗೊಡುತ್ತವೆ, ಕಿಣ್ವಗಳು ಕೋಶಗಳ ನಡುವಿನ ಬೆಸುಗೆಯನ್ನು ಕರಗಿಸುತ್ತವೆ, ನಯವಾದ ಕಲೆ ಉಳಿಸಿ ಎಲೆ ಕಳಚುತ್ತದೆ. ಹಸಿರಿದ್ದಾಗ ತಟಕ್ಕನೆ ಮುರಿದ ಕೊಂಬೆಗೆ ಈ ಕೆಲಸ ಮಾಡಲು ಹೆಚ್ಚಾಗಿ ಸಮಯವೇ ಸಿಗುವುದಿಲ್ಲ. ಅದಕ್ಕೇ ಅದರ ಎಲೆ ಒಣಗಿ ಕಂದಾದರೂ ಅಂಟಿಕೊಂಡೇ ಇರುತ್ತದೆ. ಒಂದು ವಾರದ ಹಿಂದೆ ಬಿದ್ದ ಮರದಲ್ಲಿ ಸುಕ್ಕಾದ ಎಲೆಗಳು ಗಟ್ಟಿಯಾಗಿ ಹಿಡಿದಿದ್ದರೆ ಬೀಳುವಾಗ ಆ ಕೊಂಬೆ ಜೀವಂತವಾಗಿತ್ತು ಎನ್ನಬಹುದು. ಅಕ್ಕಪಕ್ಕದ ಅದೇ ಜಾತಿಯ ಮರಗಳೆಲ್ಲ ಎಲೆ ತುಂಬಿ ನಿಂತಿರುವಾಗ ಬಿದ್ದದ್ದು ಮಾತ್ರ ಬರಿಗೊಂಬೆಯಾಗಿದ್ದರೆ, ಅದು ಮೊದಲೇ ಸತ್ತಿತ್ತೋ ಎಂದು ಬೇರು, ಕಾಂಡವನ್ನು ಪರೀಕ್ಷಿಸಬೇಕು. ಸುಕ್ಕಾದ ಎಲೆಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಬಿಚ್ಚಿಕೊಳ್ಳುತ್ತದೆ, ನರಗಳ ವಿನ್ಯಾಸ ಮತ್ತೆ ಕಾಣುತ್ತದೆ.

ನೀವು ಹೋಗುವಷ್ಟರಲ್ಲಿ ಲಾರಿ ಎಲ್ಲವನ್ನೂ ಒಯ್ದು ಬರೀ ಬೊಡ್ಡೆ ಉಳಿದಿದ್ದರೂ ದಾರಿ ಮುಚ್ಚಿಲ್ಲ. ಬೇರು ಜೀವಂತವಾಗಿದ್ದರೆ ಬೇವು, ಹೊಂಗೆ, ನೀಲಗಿರಿಯಂಥ ಅನೇಕ ಮರಗಳು ಜೂನ್ ಮಳೆಗೆ ಬೊಡ್ಡೆಯಿಂದ ಚಿಗುರುತ್ತವೆ. ಆ ಚಿಗುರಿನ ಎಲೆಯ ಗಾತ್ರವನ್ನು ನಂಬಬೇಡಿ, ಅವು ಮೇಲಿನ ಕೊಂಬೆಯ ಎಲೆಗಿಂತ ದೊಡ್ಡವಾಗಿರುತ್ತವೆ. ಆಕಾರವನ್ನೂ ನಂಬಬೇಡಿ, ಹಲಸಿನ ಬೊಡ್ಡೆಚಿಗುರಿನಲ್ಲಿ ಎಲೆ ಆಳವಾಗಿ ಸೀಳಿರುವುದುಂಟು. ಜೋಡಣೆ, ಸ್ಟಿಪ್ಯೂಲ್, ಹಾಲು, ವಾಸನೆ ನೋಡಿ. ನೀಲಗಿರಿಯೊಂದು ಮಾತ್ರ ಇಲ್ಲಿಯೂ ಸತಾಯಿಸುತ್ತದೆ: ಎಳೆಯ ಚಿಗುರಿನಲ್ಲಿ ಎಲೆಗಳು ಎದುರುಬದುರು ಮತ್ತು ಅಗಲ, ಬೆಳೆದ ಕೊಂಬೆಯಲ್ಲಿ ಪರ್ಯಾಯ ಮತ್ತು ನೀಳ. ಅಲ್ಲಿ ಎಲೆಯನ್ನು ಹಿಸುಕಿ ಮೂಸಬೇಕು.