ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಹುಬ್ಬಳ್ಳಿ ಕಮರಿಪೇಟೆಯ ನನ್ನ ಗ್ಯಾರೇಜಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ದೋಣಿಯವರು ಎಂಜಿನ್ ಬಿಚ್ಚುವುದು ಆಗಲೇ. ಬಹಳಷ್ಟು ಟ್ರಾಲರ್‌ಗಳಲ್ಲಿರುವುದು ನಮ್ಮ ಲಾರಿಗಳ ಲೇಲ್ಯಾಂಡ್ ಎಂಜಿನ್ನಿನ ಒಡಹುಟ್ಟೇ. ಹಾಗಾಗಿ ಪಾನಾ ಚೀಲ ಹಿಡಿದು ಅರಬೈಲ್ ಘಟ್ಟ ಇಳಿಯುತ್ತೇನೆ.

ಕಾರವಾರದ ಬೈತಖೋಲದಲ್ಲಿ ಮೊದಲ ಸಲ ಮಾಡಿದ್ದು ಶುದ್ಧ ತಪ್ಪು. ಫ್ಲೈವೀಲ್ ಕಡೆ ಆಯಿಲ್ ತೊಟ್ಟಿಕ್ಕುತ್ತಿತ್ತು. "ಹಿಂದಿನ ಸೀಲ್ ಹೋಗೇತ್ರಿ" ಅಂದುಬಿಟ್ಟೆ. ಕೈ ತೂರದ ಜಾಗದಲ್ಲಿ ಗೇರ್‌ಬಾಕ್ಸ್ ಸರಿಸಿ ಸೀಲ್ ಹಾಕಲು ಎರಡು ದಿನ ಹಿಡಿಯಿತು. ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಹನಿ. ದೋಣಿ ನಡೆಸುವ ತಾಂಡೇಲರು ಏನೂ ಅನ್ನಲಿಲ್ಲ, ಚಹಾ ತರಿಸಿದರು. ಬೈದಿದ್ದರೆ ವಾಸಿಯಿತ್ತು.

ದೋಣಿಯಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಇಳಿಜಾರಿಗೆ ಎಂಜಿನ್ನೂ ಹಿಂದಕ್ಕೆ ವಾಲಿರುತ್ತದೆ. ಮೇಲೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರಿದರೂ ಎಣ್ಣೆ ಹರಿದು ಬಂದು ತೊಟ್ಟಿಕ್ಕುವುದು ಹಿಂದೆಯೇ. ಈಗ ಮೊದಲು ಬನಿಯನ್ ವೇಸ್ಟಿನಿಂದ ಇಡೀ ಎಂಜಿನ್ ಒರೆಸುತ್ತೇನೆ. ಒಣಗಿದ ಮೇಲೆ ಅನುಮಾನದ ಜಾಗಕ್ಕೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ, ಬ್ಯಾಟರಿ ಹಿಡಿದು ನೋಡುತ್ತೇನೆ. ಬಿಳಿ ಪೌಡರಿನಲ್ಲಿ ಕರಿ ಗೆರೆ ಎಲ್ಲಕ್ಕಿಂತ ಮೇಲೆ ಎಲ್ಲಿ ಶುರುವಾಗಿದೆಯೋ ಅದೇ ಕಳ್ಳ.

ಅವತ್ತಿನ ಕಳ್ಳ ಬ್ರೀದರ್ ಪೈಪು. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆ ಯಾವಾಗಲೂ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಅದು ಹೊರಹೋಗುವ ದಾರಿ ಈ ಪೈಪು. ಅಲ್ಲಿ ಮಡ್ಡಿ ಕಟ್ಟಿತ್ತು. ಒಳಗೆ ಒತ್ತಡ ಏರಿ ಟ್ಯಾಪೆಟ್ ಕವರಿನ ಸಂದಿಯಿಂದ ಎಣ್ಣೆಯನ್ನು ನೂಕುತ್ತಿತ್ತು. ಡೀಸೆಲ್ಲಿನಲ್ಲಿ ತೊಳೆದು ಊದಿದೆ, ಪ್ಯಾಕಿಂಗ್ ಬದಲಿಸಿದೆ; ಅರ್ಧ ತಾಸಿನ ಕೆಲಸ. ಪೈಪು ಸ್ವಚ್ಛವಿದ್ದೂ ಹೊಗೆ ದಬದಬ ಬಂದರೆ ಬಹುಮಟ್ಟಿಗೆ ರಿಂಗ್ ಸವೆದಿರುತ್ತದೆ, ಆಗ ಯಾವ ಸೀಲೂ ನಿಲ್ಲದು.

ಲಾರಿಗಿಲ್ಲದ ಕಾಟ ಉಪ್ಪುನೀರಿನದು. ತಳದಲ್ಲಿ ನಿಂತ ನೀರಿಗೆ ತಗಡಿನ ಆಯಿಲ್ ಚೇಂಬರ್ ತುಕ್ಕು ಹಿಡಿದು ಸೂಜಿಯಷ್ಟು ತೂತಾಗುತ್ತದೆ. ಅದಕ್ಕೆ ಎಂ-ಸೀಲ್ ಮೆತ್ತಿ ಸಮುದ್ರಕ್ಕೆ ಹೋಗುವುದು ಮೂರ್ಖತನ. ಇಳಿಸಿ ವೆಲ್ಡಿಂಗ್ ಮಾಡಿಸಬೇಕು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ, ಎಂಜಿನ್ ಚಾಲೂ ಮಾಡಲೇಬೇಡಿ.

ದೋಣಿಯ ತಳಕ್ಕೆ ಬಿದ್ದ ಎಣ್ಣೆಯನ್ನು ಪಂಪಿನಿಂದ ಸಮುದ್ರಕ್ಕೆ ಬಿಡುವವರಿಗೆ ಒಂದು ಮಾತು: ಬನಿಯನ್ ವೇಸ್ಟಿನಲ್ಲಿ ಹೀರಿಸಿ ಡಬ್ಬಿಗೆ ಹಿಂಡಿ, ದಡಕ್ಕೆ ತನ್ನಿ. ನಾಳೆ ಬಲೆ ಬೀಸುವುದು ಅದೇ ನೀರಿಗೆ.