ಕೊಂಡವರನ್ನು ದಿವಾಳಿ ಎಬ್ಬಿಸಿದ ಉಗಿಬಂಡಿ

ಇಂಗ್ಲೆಂಡಿನ ಡಾನ್‌ಕಾಸ್ಟರ್ ಕಾರ್ಖಾನೆಯಲ್ಲಿ 1923ರಲ್ಲಿ ಹುಟ್ಟಿದ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಉಗಿ ಇಂಜಿನ್ 1934ರಲ್ಲಿ ಗಂಟೆಗೆ ನೂರು ಮೈಲಿ ವೇಗ ಮುಟ್ಟಿ ಹೆಸರು ಮಾಡಿತ್ತು. 1963ರಲ್ಲಿ ಅದಕ್ಕೆ ನಿವೃತ್ತಿ. ಗುಜರಿ ಸೇರಬೇಕಿದ್ದ ಇಂಜಿನ್ನನ್ನು ಅಲನ್ ಪೆಗ್ಲರ್ ಎಂಬ ಉದ್ಯಮಿ 3,000 ಪೌಂಡಿಗೆ ಕೊಂಡರು. ಆನೆ ಅಗ್ಗಕ್ಕೆ ಸಿಕ್ಕಿತು, ಸಾಕುವ ಲೆಕ್ಕ ಆಮೇಲೆ ಶುರುವಾಯಿತು.

ಪೆಗ್ಲರ್ 1969ರಲ್ಲಿ ಅದನ್ನು ಅಮೆರಿಕ ಪ್ರವಾಸಕ್ಕೆ ಒಯ್ದರು. ಸಾಲ ಬೆಳೆಯಿತು, 1972ರಲ್ಲಿ ಅವರು ದಿವಾಳಿ. ಸಾಲ ಕೊಟ್ಟವರ ಕೈಗೆ ಸಿಗದಿರಲೆಂದು ಇಂಜಿನ್ನನ್ನು ಅಲ್ಲಿನ ಸೇನಾ ಡಿಪೋದಲ್ಲಿ ಬಚ್ಚಿಡಬೇಕಾಯಿತು. ವಿಲಿಯಂ ಮೆಕಾಲ್ಪೈನ್ ಎಂಬ ಇನ್ನೊಬ್ಬ ಉದ್ಯಮಿ ಮರುವರ್ಷ ಅದನ್ನು ಬಿಡಿಸಿ ಊರಿಗೆ ತಂದರು. 1996ರಲ್ಲಿ ಕೊಂಡ ಟೋನಿ ಮಾರ್ಚಿಂಗ್ಟನ್ ಕೂಡ 2003ರಲ್ಲಿ ದಿವಾಳಿಯಾದರು.

ಇಷ್ಟು ಹಣ ನುಂಗುವುದು ಯಾವುದು? ಮುಖ್ಯವಾಗಿ ಬಾಯ್ಲರ್. ಒಳಗೆ ಬೆಂಕಿ, ಸುತ್ತ ನೀರು, ನಡುವೆ ನೂರಾರು ಕೊಳವೆ. ಬೆಂಕಿ ಉರಿಯುವ ಗೂಡಿನ ಒಳಗೋಡೆ ತಾಮ್ರದ್ದು, ಹೊರಗೋಡೆ ಉಕ್ಕಿನದು. ಎರಡನ್ನೂ ಹಿಡಿದಿಡುವ ಮೊಳೆಗಳು ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ ಸೋಲುತ್ತವೆ. ಹಾಗಾಗಿ ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ, ಬಿಚ್ಚಿ ನೋಡಲೇಬೇಕು. ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮರದ ಅಚ್ಚು ಕೆತ್ತಿ, ಎರಕ ಹೊಯ್ದು, ಒಂದೊಂದನ್ನೇ ಹೊಸದಾಗಿ ಮಾಡಿಸಬೇಕು. ಮುಖ್ಯ ಹಳಿಯ ಮೇಲೆ ಓಡಿಸುವುದಾದರೆ ಇಂದಿನ ಸುರಕ್ಷತಾ ಉಪಕರಣಗಳನ್ನೂ ಈ ಮುದಿಬಂಡಿಯಲ್ಲಿ ತುರುಕಬೇಕು. (ಇಷ್ಟೆಲ್ಲ ಬದಲಾದ ಮೇಲೂ ಅದು ಹಳೆಯ ಇಂಜಿನ್ನೇ ಎಂದು ವಾದಿಸುವವರು ಅಲ್ಲಿ ಬಹಳ. ಗಾಲಿ, ಅಚ್ಚು ಎಷ್ಟು ಸಲ ಹೊಸದಾದರೂ ನಮಗೆ ಊರ ತೇರು ಅದೇ ತೇರಲ್ಲವೇ?)

2004ರಲ್ಲಿ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ ಇದನ್ನು 23 ಲಕ್ಷ ಪೌಂಡಿಗೆ ಕೊಂಡಿತು. ಜನ ಮುಗಿಬಿದ್ದು ದೇಣಿಗೆ ಕೊಟ್ಟರು; ಅಷ್ಟೇ ಮೊತ್ತವನ್ನು ಉದ್ಯಮಿ ರಿಚರ್ಡ್ ಬ್ರಾನ್ಸನ್ ಸೇರಿಸಿದರು. 2006ರಲ್ಲಿ ದುರಸ್ತಿಗೆಂದು ಇಂಜಿನ್ ಬಿಚ್ಚಿದರು. ಬೇಗ ಮುಗಿಯುತ್ತದೆ ಎಂದುಕೊಂಡ ಕೆಲಸ ಎಳೆಯುತ್ತಲೇ ಹೋಯಿತು. 2011ರಲ್ಲಿ ಯುದ್ಧಕಾಲದ ಕಪ್ಪು ಬಣ್ಣ ಬಳಿದು ಸಂಭ್ರಮದಿಂದ ಹೊರತಂದರು. ಆಮೇಲೆ ಚೌಕಟ್ಟಿನ ಬಳಿ ಬಿರುಕು ಕಂಡವು! ಇಂಜಿನ್ನಿನ ಸ್ಥಿತಿಯನ್ನು ಮೊದಲೇ ಸರಿಯಾಗಿ ಅಳೆಯಲಿಲ್ಲ ಎಂದು ಸಂಗ್ರಹಾಲಯವೇ ತರಿಸಿಕೊಂಡ ವರದಿ 2012ರಲ್ಲಿ ಹೇಳಿತು. ಬಣ್ಣಕ್ಕೆ ಇದ್ದ ಆತುರ ಬಿರುಕು ಹುಡುಕಲು ಇರಲಿಲ್ಲ ಎಂದು ನನಗನ್ನಿಸುತ್ತದೆ. ಕೊನೆಗೆ ಖರ್ಚು 42 ಲಕ್ಷ ಪೌಂಡ್. ಕೊಂಡ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು.

2016ರ ಫೆಬ್ರುವರಿ 25ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಅದು ಮತ್ತೆ ಹೊರಟಾಗ, ಫೋಟೊ ತೆಗೆಯುವವರು ಹಳಿಯ ಮೇಲೇ ಬಂದು ನಿಂತದ್ದರಿಂದ ರೈಲು ನಡುದಾರಿಯಲ್ಲಿ ನಿಲ್ಲಬೇಕಾಯಿತು. ಆರು ವರ್ಷ ಕಳೆದವು. 2022ರಲ್ಲಿ, ನೂರು ತುಂಬುವ ಹೊಸ್ತಿಲಲ್ಲಿ, ಇಂಜಿನ್ ಮತ್ತೆ ದುರಸ್ತಿ ಶೆಡ್ಡು ಸೇರಿತು.