ಮಾತು ಬರುವ ಮುನ್ನವೇ ಅರ್ಥ ಬರುತ್ತದೆ

“ಮಗೂಗೆ ಒಂದೂವರೆ ವರ್ಷ ಆಯ್ತು, ‘ಅಮ್ಮ’ ಬಿಟ್ಟರೆ ಬೇರೆ ಮಾತೇ ಇಲ್ಲ” ಎಂದು ತಾಯಿ ಚಿಂತಿಸಿದರೆ, “ಅವರಪ್ಪನೂ ಹಾಗೇ ಕಣಮ್ಮ, ಮೂರು ವರ್ಷಕ್ಕೆ ಬಾಯಿ ಬಿಟ್ಟ, ಸುಮ್ನಿರು” ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಪಕ್ಕದ ಮನೆಯವರು ಬಜೆ ತೇದು ನಾಲಿಗೆಗೆ ಹಚ್ಚಿ ಎನ್ನುತ್ತಾರೆ. ನಮ್ಮ ಯಗಟಿಯಲ್ಲಷ್ಟೇ ಏಕೆ, ಕಡೂರು ಸೀಮೆಯ ಎಷ್ಟೋ ಮನೆಗಳಲ್ಲಿ ಕೇಳುವ ಮಾತಿದು. ಸೋದರಿಯರೇ, ನಾವೆಲ್ಲ ಮಗುವಿನ ಬಾಯಿಯನ್ನೇ ನೋಡುತ್ತಾ ಕೂರುತ್ತೇವೆ. ಮೊದಲು ಗಮನಿಸಬೇಕಾದ್ದು ಕಿವಿಯನ್ನು. ಮಗು ಎಷ್ಟು ಮಾತಾಡುತ್ತದೆ ಎಂದು ಕೇಳುವ ಮುಂಚೆ, ಎಷ್ಟು ಮಾತು ಅದಕ್ಕೆ ತಿಳಿಯುತ್ತದೆ ಎಂದು ನೋಡಿ.

ಹುಟ್ಟುವ ಮೊದಲೇ ಪಾಠ

ಸುಭದ್ರೆಯ ಗರ್ಭದಲ್ಲಿದ್ದ ಅಭಿಮನ್ಯು ಚಕ್ರವ್ಯೂಹದ ಕಥೆ ಕೇಳಿಸಿಕೊಂಡದ್ದು ನಮಗೆಲ್ಲ ಗೊತ್ತು. ವ್ಯೂಹದ ಮಾತು ಹಾಗಿರಲಿ, ತಾಯಿಯ ದನಿಯನ್ನಂತೂ ಮಗು ಹೊಟ್ಟೆಯಲ್ಲಿದ್ದಾಗಲೇ ಕೇಳಿರುತ್ತದೆ. ಹುಟ್ಟಿ ಮೂರು ದಿನದೊಳಗಿನ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಮ್ಮ ತಾಯಿಯ ದನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ನಾಲ್ಕೂವರೆ ತಿಂಗಳ ಹೊತ್ತಿಗೆ ಮಗು ತನ್ನ ಹೆಸರಿನ ಸದ್ದನ್ನು ಗುರುತು ಹಿಡಿಯುತ್ತದೆ. ಆರರಿಂದ ಒಂಬತ್ತು ತಿಂಗಳ ಹಸುಳೆಗಳಿಗೆ ಚಿತ್ರಗಳನ್ನು ತೋರಿಸಿ ಒಂದರ ಹೆಸರು ಹೇಳಿದರೆ, ಅದರ ಕಡೆಗೇ ಹೆಚ್ಚು ಹೊತ್ತು ನೋಡುತ್ತವೆ. ತಿನ್ನುವ ಪದಾರ್ಥ, ಮೈಯ ಅಂಗಾಂಗ, ಇಂಥ ಕೆಲವು ಹೆಸರುಗಳು ಅವಕ್ಕೆ ಆಗಲೇ ತಿಳಿದಿರುತ್ತವೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಲ್ಲೇ ಬಾರದ ಕಂದ ‘ಬಾಳೆಹಣ್ಣು’ ಎಂದೊಡನೆ ಹಣ್ಣಿನ ಕಡೆ ಕಣ್ಣು ಹಾಯಿಸಿದರೆ ಅದು ತಾಯಿಯ ಭ್ರಮೆಯೇನಲ್ಲ!

ಮಾತಿನ ರಾಶಿಯಲ್ಲಿ ಪದ ಆರಿಸುವ ಬಗೆ

ನಾವು ಮಾತಾಡುವಾಗ ಪದಕ್ಕೂ ಪದಕ್ಕೂ ನಡುವೆ ನಿಲ್ಲುವುದಿಲ್ಲ. “ಬಾರೋಪುಟ್ಟಹಾಲ್ಕುಡಿ” ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮಗು ಅದರಲ್ಲಿ ‘ಹಾಲು’ ಎಂಬುದನ್ನು ಆರಿಸಿಕೊಳ್ಳಬೇಕು. ಯಾವ ಸದ್ದಿನ ಹಿಂದೆ ಯಾವ ಸದ್ದು ಪದೇ ಪದೇ ಬರುತ್ತದೆ ಎಂದು ಗಮನಿಸುವುದೇ ಅದರ ಒಂದು ಉಪಾಯ. 1996ರ ಒಂದು ಪ್ರಯೋಗದಲ್ಲಿ ಎಂಟು ತಿಂಗಳ ಶಿಶುಗಳಿಗೆ ಅರ್ಥವಿಲ್ಲದ ಸದ್ದುಗಳ ಸರಮಾಲೆಯನ್ನು ಬರೀ ಎರಡು ನಿಮಿಷ ಕೇಳಿಸಿದ್ದರು. ಯಾವಾಗಲೂ ಜೊತೆಗೇ ಬರುವ ಸದ್ದುಗಳನ್ನು ಅವು ಅಷ್ಟರಲ್ಲೇ ಗುರುತಿಸಿದವು. ಕನ್ನಡದ ಕೂಸಿಗೆ ಇನ್ನೂ ಒಂದು ಕೆಲಸವಿದೆ. ಹಾಲು, ಹಾಲಿಗೆ, ಹಾಲಲ್ಲಿ ಎಂದು ಬಾಲ ಬದಲಾಗುತ್ತಿದ್ದರೂ ತಲೆ ಒಂದೇ ಎಂದು ತಿಳಿಯಬೇಕು.

ಒಂದೂಕಾಲು ವರ್ಷದ ಮಗು ಪದ ಪೂರ್ತಿ ಕೇಳಿದ ಮೇಲೆ ಆ ವಸ್ತುವಿನ ಕಡೆ ನೋಡುತ್ತದೆ. ಎರಡು ವರ್ಷದ ಮಗುವಿಗೆ ಪದ ಮುಗಿಯುವುದಕ್ಕೆ ಮೊದಲೇ ಅದು ಹೊಳೆದುಬಿಡುತ್ತದೆ. ಈ ಚುರುಕೆಲ್ಲ ಬರುವುದು ಕೇಳಿ ಕೇಳಿಯೇ.

ಮನೆಯಲ್ಲೇ ನೋಡಿಕೊಳ್ಳಿ

ತಟ್ಟೆ ಕೈಯಲ್ಲಿ ಹಿಡಿದು “ಬುವ್ವ ಬೇಕಾ?” ಎಂದರೆ ಮಗು ಓಡಿಬರುತ್ತದೆ. ಅದಕ್ಕೆ ಮಾತು ತಿಳಿಯಿತೋ, ತಟ್ಟೆ ಕಂಡಿತೋ? ಆದ್ದರಿಂದ ಕೈ ತೋರಿಸದೆ, ಕಣ್ಣೂ ಹಾಯಿಸದೆ, ಬರೀ ಮಾತಿನಲ್ಲಿ ಕೇಳಿ ನೋಡಿ.

* ಒಂಬತ್ತು ತಿಂಗಳಿಗೆ: ಹೆಸರು ಹಿಡಿದು ಕರೆದರೆ ನೋಡಬೇಕು.
* ಒಂದು ವರ್ಷಕ್ಕೆ: ‘ಬೇಡ’ ಎಂದರೆ ಒಂದು ಗಳಿಗೆಯಾದರೂ ಕೈ ತಡೆಯಬೇಕು.
* ಒಂದೂವರೆ ವರ್ಷಕ್ಕೆ: “ಚೆಂಡು ಕೊಡು” ಎಂಬಂಥ ಒಂದು ಮಾತನ್ನು ಸನ್ನೆಯಿಲ್ಲದೆ ನಡೆಸಬೇಕು.
* ಎರಡು ವರ್ಷಕ್ಕೆ: “ಮೂಗೆಲ್ಲಿ? ಕಿವಿಯೆಲ್ಲಿ?” ಎಂದರೆ ತೋರಿಸಬೇಕು.

ನಾಲ್ಕು ದಿನ ಹಿಂದುಮುಂದಾದರೆ ಗಾಬರಿ ಬೇಡ. ಆದರೆ ಮಾತೂ ಇಲ್ಲ, ತಿಳಿವಳಿಕೆಯೂ ಕಾಣುತ್ತಿಲ್ಲ ಎಂದರೆ ಕಾಯಬಾರದು. “ಬಾಗಿಲು ಬಡಿದರೆ ಬೆಚ್ಚುತ್ತಾನಲ್ಲ, ಕಿವಿ ಸರಿಯಾಗಿದೆ” ಎಂದು ಸುಮ್ಮನಿರಬೇಡಿ. ಅರ್ಧಂಬರ್ಧ ಕೇಳಿಸುವ ಮಗುವಿಗೆ ಪಾತ್ರೆ ಬಿದ್ದ ಸದ್ದು ಕೇಳಿಸಬಹುದು, ಮೆಲುಮಾತು ಕೇಳಿಸದಿರಬಹುದು. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ಬಜೆಯಿಂದ ಕಿವಿ ಕೇಳಿಸುವುದಿಲ್ಲ. ಕಿವಿ ಚೆನ್ನಾಗಿದ್ದೂ ಮಗು ಹೆಸರಿಗೆ ತಿರುಗದೆ, ಮುಖ ಕೊಟ್ಟು ನೋಡದೆ ತನ್ನ ಪಾಡಿಗೆ ತಾನಿದ್ದರೂ ವೈದ್ಯರ ಸಲಹೆ ಬೇಕು.

ಹುಟ್ಟಿದ ಶಿಶುವಿಗೂ ನೋವಿಲ್ಲದ, ಕೆಲವೇ ನಿಮಿಷಗಳ ಶ್ರವಣ ಪರೀಕ್ಷೆ ಉಂಟು. ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳಿಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ, ಇದು ತಜ್ಞರು ಹೇಳುವ ಲೆಕ್ಕ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಬರುವ ವೈದ್ಯ ತಂಡ ಕಿವಿಯನ್ನೂ ನೋಡುತ್ತದೆ. ಆ ದಿನ ಮಗುವನ್ನು ತಪ್ಪದೆ ಕರೆದೊಯ್ಯಿರಿ, ಅನುಮಾನವಿದ್ದರೆ ಬಾಯಿಬಿಟ್ಟು ಹೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆಂದು ಇರುವ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ಕಡೆಯವರು ಕಡೂರಿನಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಬದಲಾಯಿಸಿ, ಹಾಸನದ ಮೇಲೆ ಮೈಸೂರು ಸೇರಬಹುದು. ಕಿವಿಗೆ ಹಾಕುವ ಶ್ರವಣ ಸಾಧನ, ಅಗತ್ಯವಿದ್ದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ, ಜೊತೆಗೆ ಮಾತಿನ ತರಬೇತಿ, ಇವು ಬೇಗ ಸಿಕ್ಕಷ್ಟೂ ಮಗುವಿಗೆ ಮಾತು ಚೆನ್ನಾಗಿ ಒಲಿಯುತ್ತದೆ.

ಅಡುಗೆಮನೆಯೇ ಪಾಠಶಾಲೆ

ಕಿವಿ ಸರಿಯಿರುವ ಮಗುವಿಗೂ ಮಾತೇ ಆಹಾರ. ಬೇಳೆ ತೊಳೆಯುವಾಗ “ಇದು ಬೇಳೆ, ನೋಡು ಬೇಳೆ” ಎನ್ನಿ. ಮಗು ಯಾವುದನ್ನು ನೋಡುತ್ತಿದೆಯೋ ಅದರ ಹೆಸರನ್ನೇ ಹೇಳಿ. ಒಂದು ಪ್ರಶ್ನೆ ಕೇಳಿ ಸ್ವಲ್ಪ ಕಾಯಿರಿ, ಅದರ ‘ಊಂ’ ಎಂಬುದೂ ಉತ್ತರವೇ. ರಾಗ ಎಳೆದು ಮುದ್ದು ಮಾಡುವುದರಿಂದ, ‘ತಾಚಿ’, ‘ಬುವ್ವ’ ಎನ್ನುವುದರಿಂದ ಮಾತು ಕೆಡುವುದಿಲ್ಲ. ಮನೆಯಲ್ಲಿ ಲಂಬಾಣಿಯೋ ತೆಲುಗೋ ಉರ್ದುವೋ ಕನ್ನಡದ ಜೊತೆಗಿದ್ದರೆ ಹೆದರಬೇಡಿ, ಮಕ್ಕಳು ಎರಡನ್ನೂ ಕಲಿಯುತ್ತವೆ.

ಮೊಬೈಲು ಕೈಗೆ ಕೊಟ್ಟರೆ ಮಗು ಮಾತು ಕಲಿಯುತ್ತದೆ ಎಂದು ಮಾತ್ರ ನಂಬಬೇಡಿ. 2003ರಲ್ಲಿ ಪ್ರಕಟವಾದ ಪ್ಯಾಟ್ರೀಷಿಯಾ ಕೂಲ್ ಅವರ ಪ್ರಯೋಗದಲ್ಲಿ ಅಮೆರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಅವು ಆ ಭಾಷೆಯ ಸದ್ದುಗಳನ್ನು ಕಲಿತವು. ಅದನ್ನೇ ಪರದೆಯ ಮೇಲೆ ತೋರಿಸಿದಾಗ ಏನೂ ಕಲಿಯಲಿಲ್ಲ.

ಇವತ್ತು ಸಂಜೆ ದೀಪ ಹಚ್ಚಿದ ಮೇಲೆ, ಕೈ ತೋರಿಸದೆ ಒಮ್ಮೆ ಕೇಳಿ ನೋಡಿ: “ಪುಟ್ಟಾ, ದೀಪ ಎಲ್ಲಿ?”